ಬೀಜದ ಎರಡು ವಾರ: ಅಂಗನವಾಡಿ, ಎಲ್‌ಕೆಜಿ ಮಕ್ಕಳಿಗೆ ಕಾಳು-ಬೀಜದ ಚಟುವಟಿಕೆಗಳು

ಮುಂಗಾರು ಹಿಡಿದು ಶಾಲೆ ತೆರೆಯುವ ಜೂನ್ ತಿಂಗಳಲ್ಲಿ, ಮೂರರಿಂದ ಆರು ವರ್ಷದ ಮಕ್ಕಳಿಗೆ ಬೀಜಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಹೊಲದಲ್ಲಿ ಬಿತ್ತನೆ ನಡೆದಿರುತ್ತದೆ. ಮನೆಯಲ್ಲಿ ಹಲಸಿನ ಬೀಜ, ಮಾವಿನ ವಾಟೆ ಬಿದ್ದಿರುತ್ತವೆ. ಉಳಿದ ಸಾಮಾನೆಲ್ಲ ಅಡುಗೆಮನೆಯ ಡಬ್ಬಿಗಳಲ್ಲೇ ಇದೆ. ಆದರೆ ಬಹಳ ಕಡೆ ಈ ವಿಷಯ ಒಂದೇ ದಿನದಲ್ಲಿ ಮುಗಿದುಹೋಗುತ್ತದೆ: ಮುದ್ರಿಸಿದ ಮಾವಿನಹಣ್ಣಿನ ಚಿತ್ರಕ್ಕೆ ಟೀಚರ್ ಅಂಟು ಹಚ್ಚಿಕೊಡುತ್ತಾರೆ, ಮಗು ಅದರ ಮೇಲೆ ಬೇಳೆ ಸುರಿಯುತ್ತದೆ, ಹಾಳೆ ಗೋಡೆಗೇರುತ್ತದೆ. ಮಗುವಿಗೆ ಅಂಟಿನ ಪರಿಚಯವಾಯಿತೇ ಹೊರತು ಬೀಜದ್ದಾಗಲಿಲ್ಲ.

ಮೊದಲು ಬೀಜವನ್ನು ಮುಟ್ಟಬೇಕು, ಬೇರ್ಪಡಿಸಬೇಕು, ನೆನೆಸಿ ಹಿತುಕಬೇಕು, ಮೊಳೆಯುವುದನ್ನು ನೋಡಬೇಕು. ಅಂಟಿಸುವುದು, ಗಿಲಕಿ ಮಾಡುವುದು ಆಮೇಲಿನ ಮಾತು. ಇಷ್ಟಕ್ಕೆ ಒಂದು ವಾರ ಸಾಲುವುದಿಲ್ಲ, ಬೀಜ ನಮ್ಮ ವೇಳಾಪಟ್ಟಿಗೆ ಕಾಯುವುದೂ ಇಲ್ಲ. ಹಾಗಾಗಿ ಎರಡು ವಾರ ಇಟ್ಟುಕೊಳ್ಳಿ, ಸೋಮವಾರವೇ ಶುರುಮಾಡಿ. ವಾರದ ಕೊನೆಗೆ ಶುರುಮಾಡಿದರೆ ಮೊದಲ ಬೇರು ಭಾನುವಾರ ಹೊರಬರುತ್ತದೆ, ಅದನ್ನು ನೋಡಲು ಒಬ್ಬ ಮಗುವೂ ಅಲ್ಲಿರುವುದಿಲ್ಲ.

ಯಾವ ಬೀಜ ಬೇಕು, ಯಾವುದು ಬೇಡ

ಮೊಳಕೆ ನೋಡಲು ಅಲಸಂದೆ ಎಲ್ಲಕ್ಕಿಂತ ಅನುಕೂಲ. ಮಗುವಿನ ಕಣ್ಣಿಗೆ ಕಾಣುವಷ್ಟು ದಪ್ಪ, ನೆನೆಸಿದ ಮೇಲೆ ಒಂದೆರಡು ದಿನದಲ್ಲೇ ಬೇರು ಬರುತ್ತದೆ. ಹೆಸರುಕಾಳು ಇನ್ನೂ ಬೇಗ, ಆದರೆ ಚಿಕ್ಕದು. ಜೊತೆಗೆ ಕಡಲೆಕಾಳು, ಮುಸುಕಿನ ಜೋಳ ಇರಲಿ. ರಾಜ್ಮಾ ದೊಡ್ಡದೆಂದು ಆಸೆಯಿಂದ ತರುತ್ತಾರೆ. ಅಂಗಡಿಯ ರಾಜ್ಮಾ ಎಷ್ಟೋ ಸಲ ಹಳೆಯದಾಗಿದ್ದು, ಮೊಳೆಯುವ ಬದಲು ಲೋಳೆಯಾಗಿ ನಾರುತ್ತದೆ. ಮಕ್ಕಳ ಮುಂದೆ ಇಡುವ ಮೊದಲು ಯಾವ ಕಾಳನ್ನಾದರೂ ಮನೆಯಲ್ಲಿ ಹತ್ತು ಎಣಿಸಿ ನೆನೆಸಿ ನೋಡಿ. ಏಳೆಂಟಾದರೂ ಮೊಳೆತರೆ ಆ ಚೀಲ ಸಾಕು. ಒಡೆದ ಬೇಳೆ ಮೊಳೆಯುವುದಿಲ್ಲ. ಆದರೆ ಒಂದು ಲೋಟದಲ್ಲಿ ಬೇಕೆಂದೇ ನಾಲ್ಕು ಹೆಸರುಬೇಳೆ ಇಡಿ. ಇಡೀ ಕಾಳು ಮೊಳೆತು ಬೇಳೆ ಮೊಳೆಯದಿದ್ದಾಗ ಐದು ವರ್ಷದ ಮಕ್ಕಳು ತಾವೇ ಕಾರಣ ಹುಡುಕಲು ಹೊರಡುತ್ತಾರೆ.

ಬಿತ್ತನೆ ಬೀಜದ ಅಂಗಡಿಯಿಂದ ತಂದ, ಗುಲಾಬಿ, ನೀಲಿ ಅಥವಾ ಹಸಿರು ಬಣ್ಣ ಲೇಪಿಸಿದ ಬೀಜವನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಅದು ಔಷಧಿ ಹಾಕಿದ ಬೀಜ. ಮನೆಯಿಂದ ಬೀಜ ತರಲು ಹೇಳಿದಾಗ ಬರುವ ಚೀಲಗಳನ್ನು ನೀವೇ ಮೊದಲು ಬಿಚ್ಚಿ ನೋಡಿ. ಕೆಂಪು-ಕಪ್ಪಿನ ಗುಲಗಂಜಿ, ಹರಳು, ಕಾಡುಹರಳು, ಉಮ್ಮತ್ತಿ, ಹಳದಿ ಕಣಗಿಲೆ, ಈ ಐದೂ ವಿಷದ ಬೀಜಗಳು. ಗುಲಗಂಜಿಯ ಅಂದಕ್ಕೆ ಮನಸೋತು ಆಟಕ್ಕೆ ಇಡುವವರಿದ್ದಾರೆ. ಅದು ತರಗತಿಯೊಳಗೆ ಬರಲೇಕೂಡದು. ಸೀತಾಫಲದ ಬೀಜವೂ ಬೇಡ, ಒಡೆದ ಬೀಜ ಮುಟ್ಟಿದ ಕೈ ಕಣ್ಣಿಗೆ ಹೋದರೆ ಉರಿದು ಕಣ್ಣು ಕೆಂಪಾಗುತ್ತದೆ.

ಇನ್ನೊಂದು ಅಪಾಯ ಮೂಗು, ಕಿವಿ, ಗಂಟಲಿನದು. ಮೂರು ತುಂಬದ ಮಗುವಿಗೆ ಸಣ್ಣ ಕಾಳು ಕೊಡಬೇಡಿ. ಇಡೀ ಶೇಂಗಾ ಯಾರಿಗೂ ಬೇಡ, ಬಾಯಿಗೆ ಹೋಗುವುದೇ ಅದು ಮೊದಲು. ಮೂಗಿಗೆ ಹೋದ ಒಣ ಕಾಳು ಅಲ್ಲಿನ ತೇವಕ್ಕೆ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ. ಹೇರ್‌ಪಿನ್ ಹಾಕಿ ಕೀಳಲು, ಕಿವಿಯಾದರೆ ನೀರು ಬಿಡಲು ಹೋಗಬೇಡಿ, ನೇರ ವೈದ್ಯರ ಹತ್ತಿರ ಕರೆದೊಯ್ಯಿರಿ. ಇದಕ್ಕೆ ಒಳ್ಳೆಯ ಉಪಾಯ ಎಣಿಕೆ. ಪ್ರತಿ ಮಗುವಿನ ಬಟ್ಟಲಿಗೆ ಹತ್ತು ಬೀಜ ಎಣಿಸಿ ಹಾಕಿ, ಚಟುವಟಿಕೆ ಮುಗಿದಾಗ ಮಗುವೇ ಹತ್ತು ಎಣಿಸಿ ಹಿಂದಿರುಗಿಸಲಿ. ಒಂಬತ್ತು ಬಂದರೆ ಹತ್ತನೆಯದು ಎಲ್ಲಿ ಎಂದು ಆಗಲೇ ಹುಡುಕಬಹುದು. ಒಮ್ಮೆಗೆ ನಾಲ್ಕೈದು ಮಕ್ಕಳಿಗಿಂತ ಹೆಚ್ಚು ಕೂರಿಸಬೇಡಿ. ಉಳಿದವರು ಆ ಹೊತ್ತಿಗೆ ಆಯಾ ಜೊತೆ ಬೇರೆ ಆಟದಲ್ಲಿರಲಿ. ಮೂರು-ನಾಲ್ಕು ವರ್ಷದವರಿಗೆ 15 ನಿಮಿಷ ಸಾಕು, ಐದು ದಾಟಿದವರು 25 ನಿಮಿಷದವರೆಗೆ ಕೂರುತ್ತಾರೆ.

ಸೋಮವಾರ: ಬೇರ್ಪಡಿಸುವುದು

ಇಡ್ಲಿ ತಟ್ಟೆ ಇದಕ್ಕೆಂದೇ ಮಾಡಿದಂತಿದೆ. ಗುಳಿ ಆಳವಿಲ್ಲ, ಕಾಳು ಉರುಳಿ ಹೋಗುವುದಿಲ್ಲ, ಬೀಜ ಬಿದ್ದಾಗ ಟಣ್ ಎಂಬ ಸದ್ದೂ ಬರುತ್ತದೆ. ಮೊಟ್ಟೆಯ ಟ್ರೇ ಬಳಸುವ ರೂಢಿಯಿದೆ, ಅದನ್ನು ಬಿಡಿ. ಹಸಿ ಮೊಟ್ಟೆಯ ಕೊಳೆ ಹಿಡಿದ ಕಾಗದವನ್ನು ತೊಳೆಯಲು ಬರುವುದಿಲ್ಲ.

ಮೂರು ವರ್ಷದವರಿಗೆ ಎರಡೇ ಬಗೆ ಸಾಕು, ಅವೂ ದೊಡ್ಡವಿರಲಿ. ತೊಳೆದು ಒಣಗಿಸಿದ ಹಲಸಿನ ಬೀಜ ಮತ್ತು ಮಾವಿನ ವಾಟೆ ಸರಿಯಾಗುತ್ತದೆ. ನಾಲ್ಕು ವರ್ಷದವರಿಗೆ ಹುಣಸೆ ಬೀಜ, ಅಲಸಂದೆ, ಕಡಲೆ. ಐದು ದಾಟಿದವರಿಗೆ ಹೆಸರು ಮತ್ತು ಉದ್ದಿನಕಾಳು, ಇಲ್ಲಿ ಬಣ್ಣ ಬಿಟ್ಟರೆ ಹೆಚ್ಚು ವ್ಯತ್ಯಾಸವಿಲ್ಲ, ಕಣ್ಣಿಗೆ ನಿಜವಾದ ಕೆಲಸ. ಹೇಗೆ ಬೇರ್ಪಡಿಸಬೇಕೆಂದು ಮೊದಲೇ ಹೇಳಬೇಡಿ. ಒಂದು ಮಗು ಬಣ್ಣದಿಂದ ವಿಂಗಡಿಸುತ್ತದೆ, ಇನ್ನೊಂದು ನುಣುಪು-ಒರಟಿನಿಂದ. ಎರಡೂ ಸರಿ. 'ಇದನ್ನ ಇಲ್ಲಿ ಯಾಕೆ ಹಾಕ್ದೆ ಪುಟ್ಟಾ?' ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.

ಕೈಯಿಂದ ಆಯ್ದದ್ದಾದ ಮೇಲೆ ರಾಗಿ ಮತ್ತು ಕಡಲೆ ಬೆರೆಸಿ ಜರಡಿ ಕೊಡಿ. ಹತ್ತು ನಿಮಿಷದ ಕೆಲಸ ಕ್ಷಣದಲ್ಲಿ ಆಗುವುದನ್ನು ಕಂಡು ಮಕ್ಕಳು ಮತ್ತೆ ಬೆರೆಸಿ ಮತ್ತೆ ಜರಡಿ ಹಿಡಿಯುತ್ತಾರೆ. ಹಿಡಿಯಲಿ. ಕೆಳಗೆ ಅಗಲದ ಪರಾತ ಅಥವಾ ಹಳೆಯ ಸೀರೆ ಹಾಸಿ. ನೆಲಕ್ಕೆ ಬಿದ್ದ ರಾಗಿಯ ಮೇಲೆ ಕಾಲಿಟ್ಟರೆ ಜಾರುತ್ತದೆ. ಮೊರದಲ್ಲಿ ಕೇರುವುದನ್ನು ಆಯಾ ಮಾಡಿ ತೋರಿಸಲಿ, ಹೊಟ್ಟು ಹಾರಿ ಕಾಳು ಉಳಿಯುವುದು ಮಕ್ಕಳಿಗೆ ಕಾಣಲಿ.

ಅದೇ ದಿನ ಮೂರು ಕೆಲಸ ಮುಗಿಸಿಡಿ. ಹಿಂದಿನ ರಾತ್ರಿ ನೆನೆಸಿದ ಎರಡು ಚಮಚ ಮೆಂತ್ಯವನ್ನು, ತಳಕ್ಕೆ ತೂತು ಮಾಡಿ ನಾಲ್ಕು ಬೆರಳೆತ್ತರ ಮಣ್ಣು ತುಂಬಿದ ಡಬ್ಬಿಯಲ್ಲಿ ಉದುರಿಸಿ, ಮೇಲೆ ಬೆರಳಗಾತ್ರಕ್ಕೂ ಕಡಿಮೆ ಮಣ್ಣು ಮುಚ್ಚಿ. ದಿನಕ್ಕೊಮ್ಮೆ ನೀರು ಚಿಮುಕಿಸಬೇಕು, ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಈ ಡಬ್ಬಿ ಎರಡನೇ ವಾರದ ಕೊನೆಗೆ ಬೇಕು. ಉಳಿದೆರಡು, ಒಣ ಅವರೆಯನ್ನೂ ಅಲಸಂದೆಯನ್ನೂ ಸಂಜೆ ನೆನೆಹಾಕುವುದು.

ಮಂಗಳವಾರ: ಅವರೆ ಹಿತುಕುವುದು

ಇಡೀ ಎರಡು ವಾರದಲ್ಲಿ ಒಂದೇ ಚಟುವಟಿಕೆಗೆ ಸಮಯವಿದೆ ಎಂದರೆ ಇದನ್ನು ಆರಿಸಿಕೊಳ್ಳಿ. ಪೆನ್ಸಿಲ್ ಹಿಡಿಯುವ ಮೊದಲು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬೇಕಾದ ಬಲ, ಹಿಡಿತ ಇದರಲ್ಲಿ ತಾನಾಗಿ ಬರುತ್ತದೆ.

ಒಣ ಅವರೆಯನ್ನು 10ರಿಂದ 12 ಗಂಟೆ ನೆನೆಸಿ. ಬೇಗ ಆಗಲೆಂದು ಬಿಸಿನೀರಿಗೆ ಹಾಕಿದರೆ ಸಿಪ್ಪೆ ಸುಲಿಯುತ್ತದೆ, ಆದರೆ ಒಳಗಿನ ಬೇಳೆ ಮೆತ್ತಗಾಗಿ ಪುಡಿಯಾಗುತ್ತದೆ. ಚೆನ್ನಾಗಿ ನೆನೆದ ಕಾಳಿನ ಸಿಪ್ಪೆ ಬಿಗಿಯಾಗಿ, ನೆರಿಗೆಯಿಲ್ಲದೆ ಇರುತ್ತದೆ. ನೆರಿಗೆ ಕಂಡರೆ ಇನ್ನೂ ಎರಡು ಗಂಟೆ ಬೇಕು. ಎಷ್ಟು ನೆನೆಸಿದರೂ ಕಲ್ಲಿನಂತೆ ಉಳಿಯುವ ಒಂದೆರಡು ಕಾಳು ಪ್ರತಿ ಸೇರಿನಲ್ಲೂ ಇರುತ್ತವೆ, ಆಯ್ದು ಪಕ್ಕಕ್ಕಿಡಿ. ನೆನೆದದ್ದು, ನೆನೆಯದ್ದು ಎರಡನ್ನೂ ಅಕ್ಕಪಕ್ಕ ಇಟ್ಟರೆ 'ದಪ್ಪ-ಸಣ್ಣ', 'ಮೆತ್ತಗೆ-ಗಟ್ಟಿ' ಎಂಬ ಮಾತು ಮಕ್ಕಳ ಬಾಯಿಂದ ತಾನೇ ಬರುತ್ತದೆ.

ಕಾಳಿನ ಅಂಚಿನಲ್ಲಿ ಒಂದು ಬಿಳಿ ಗೀರು ಇರುತ್ತದೆ. ಅದಕ್ಕೆ ಎದುರು ಬದಿಯಲ್ಲಿ ಉಗುರಿನಿಂದ ಸಿಪ್ಪೆಯನ್ನು ಸ್ವಲ್ಪವೇ ಕೊಯ್ದು, ಬಿಳಿ ಗೀರಿನ ಕಡೆಯಿಂದ ಒತ್ತಿದರೆ ಬೇಳೆ ಪುಸಕ್ಕನೆ ಹೊರಗೆ ಹಾರುತ್ತದೆ. ಮೊದಲ ಐದಾರು ಕಾಳಿಗೆ ನೀವೇ ಸಿಪ್ಪೆ ಕೊಯ್ದು ಕೊಡಿ. ಬೇಳೆ ದೂರ ಹಾರುವುದು ಮಕ್ಕಳಿಗೆ ಭಾರಿ ಖುಷಿ, ಹಾಗಾಗಿ ಅಗಲವಾದ ಪಾತ್ರೆಯೊಳಗೇ ಕೈಯಿಟ್ಟು ಹಿತುಕಲಿ. ಸಿಪ್ಪೆ ಒಂದು ಬಟ್ಟಲಿಗೆ, ಬೇಳೆ ಇನ್ನೊಂದಕ್ಕೆ.

ಹಿತುಕಿದ ಬೇಳೆಯನ್ನು ಎರಡು ಹೋಳಾಗಿ ಬಿಡಿಸಿ. ಒಂದು ಹೋಳಿನ ಅಂಚಿಗೆ ಅಂಟಿಕೊಂಡ ಪುಟ್ಟ ಮೊಳಕೆಯಿದೆ, ಭೂತಗನ್ನಡಿಯಲ್ಲಿ ನೋಡಿದರೆ ಮಡಿಸಿಟ್ಟ ಎಲೆಯೂ ಕಾಣುತ್ತದೆ. ಇದು ಗಿಡದ ಪಾಪು, ಎರಡು ಹೋಳು ಅದರ ಊಟ, ಸಿಪ್ಪೆ ಅದರ ಹೊದಿಕೆ. ಇಷ್ಟು ಹೇಳಿದರೆ ಈ ವಯಸ್ಸಿಗೆ ಸಾಕು. ಬೀಜದಳ, ಭ್ರೂಣ ಎಂಬ ಹೆಸರುಗಳಿಗೆ ಮುಂದೆ ಎಷ್ಟೋ ವರ್ಷ ಇದೆ. ಹಿತುಕಿದ್ದು ಹಾಳಾಗುವುದು ಬೇಡ, ಕೈ ತೊಳೆದೇ ಕೂತಿದ್ದರೆ ಮಧ್ಯಾಹ್ನದ ಸಾರಿಗೆ ಹೋಗಲಿ, ಚೆನ್ನಾಗಿ ಬೇಯಲಿ.

ಗಾಜಿನ ಲೋಟದಲ್ಲಿ ಮೊಳಕೆ

ಮಣ್ಣಿಗೆ ಹಾಕಿದರೆ ಮುಖ್ಯವಾದದ್ದೆಲ್ಲ ಮರೆಯಲ್ಲಿ ನಡೆದುಹೋಗುತ್ತದೆ. ಅದಕ್ಕೆ ಗಾಜಿನ ಲೋಟ ಬೇಕು, ಇಲ್ಲವೇ ಕತ್ತರಿಸಿದ ನೀರಿನ ಬಾಟಲಿಯ ಕೆಳಭಾಗ. ಬಾಟಲಿಯಾದರೆ ಕತ್ತರಿಸಿದ ಅಂಚಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ.

ಟಿಶ್ಯೂ ಪೇಪರ್ ಅಥವಾ ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಲೋಟದ ಒಳಗೋಡೆಗೆ ಸುತ್ತಲೂ ತಾಗುವಂತೆ ನಿಲ್ಲಿಸಿ. ನಡುವಿನ ಜಾಗಕ್ಕೆ ಉಂಡೆ ಮಾಡಿದ ಕಾಗದ ತುರುಕಿ, ಆಗ ಬಟ್ಟೆ ಗಾಜಿಗೆ ಒತ್ತಿಕೊಳ್ಳುತ್ತದೆ. ಗಾಜಿಗೂ ಬಟ್ಟೆಗೂ ನಡುವೆ, ಲೋಟದ ಅರ್ಧ ಎತ್ತರದಲ್ಲಿ, ರಾತ್ರಿ ನೆನೆದ ನಾಲ್ಕು ಅಲಸಂದೆ ಸೇರಿಸಿ. ಒಂದನ್ನು ನೆಟ್ಟಗೆ, ಒಂದನ್ನು ಅಡ್ಡ, ಒಂದನ್ನು ತಲೆಕೆಳಗೆ, ನಾಲ್ಕನೆಯದನ್ನು ಮಗು ಇಟ್ಟ ಹಾಗೆ. ತಳದಲ್ಲಿ ಒಂದು ಸೆಂಟಿಮೀಟರ್ ಮಾತ್ರ ನೀರು ನಿಲ್ಲಲಿ. ಬಟ್ಟೆ ಅದನ್ನು ತಾನೇ ಮೇಲಕ್ಕೆ ಹೀರಿಕೊಳ್ಳುತ್ತದೆ. ಕಿಟಕಿಯ ಹತ್ತಿರ, ಬೆಳಕಿದ್ದು ಬಿಸಿಲು ಬೀಳದ ಕಡೆ ಇಡಿ.

ಹತ್ತಿ ಬಳಸುವುದು ಹಳೆಯ ರೂಢಿ. ಹತ್ತಿ ಬೇಕಾದ್ದಕ್ಕಿಂತ ಹೆಚ್ಚು ನೀರು ಹಿಡಿದಿಡುತ್ತದೆ, ಬೀಜಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ಮೊಳಕೆ ಕೆಡುವುದಕ್ಕೆ ಬಹುಪಾಲು ಕಾರಣ ನೀರಿನ ಕೊರತೆಯಲ್ಲ, ಹೆಚ್ಚಳ. ಪ್ರತಿ ಮಗುವೂ ಪ್ರೀತಿಯಿಂದ ಒಂದೊಂದು ಲೋಟ ನೀರು ಹಾಕಿದರೆ ಬೀಜ ಮುಳುಗಿಹೋಗುತ್ತದೆ. ಅದಕ್ಕೆ ಗಾಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದು, ನೀರು ಗೆರೆಗಿಂತ ಕೆಳಗಿಳಿದರೆ ಮಾತ್ರ ಹಾಕಬೇಕೆಂಬ ನಿಯಮ ಮಾಡಿ. ಲೋಟಕ್ಕೆ ಹುಳಿವಾಸನೆ ಬಂದರೆ ಅಥವಾ ಬೂದಿ ಬಣ್ಣದ ಬೂಷ್ಟು ಕಂಡರೆ ಆ ಬೀಜ ತೆಗೆದು ಬಟ್ಟೆ ಬದಲಾಯಿಸಿ. ಶನಿವಾರ ಹೊರಡುವ ಮುನ್ನ ನೀರನ್ನು ಗೆರೆಯವರೆಗೆ ತುಂಬಿ ಹೋಗಿ, ಭಾನುವಾರದ ಸೆಖೆಗೆ ಬಟ್ಟೆ ಒಣಗಿದರೆ ಎಳೆಬೇರು ಸುಟ್ಟಂತೆ ಕಂದುತ್ತದೆ.

ಗುರುವಾರದ ಹೊತ್ತಿಗೆ ಬೇರು ಕಾಣುತ್ತದೆ. ಯಾವ ದಿಕ್ಕಿಗೆ ಇಟ್ಟ ಬೀಜವಾದರೂ ಬೇರು ಬಗ್ಗಿ ಕೆಳಕ್ಕೇ ಹೋಗಿರುತ್ತದೆ. ಐದು ವರ್ಷದವರಿಗೆ ಇನ್ನೂ ಒಂದು ತೋರಿಸಬಹುದು. ನಿಂತ ನೀರು ಚೆಲ್ಲಿ, ಒದ್ದೆ ಬಟ್ಟೆಯ ಸಮೇತ ಲೋಟವನ್ನು ಅಡ್ಡ ಮಲಗಿಸಿ ಒಂದು ದಿನ ಬಿಡಿ. ಮರುದಿನ ಬೇರಿನ ತುದಿ ಮತ್ತೆ ನೆಲದ ಕಡೆಗೆ ತಿರುಗಿ ಕೊಕ್ಕೆಯಾಗಿರುತ್ತದೆ. ಪಕ್ಕದ ಲೋಟದಲ್ಲಿ ಕಡಲೆ ಇಟ್ಟಿದ್ದರೆ ಮತ್ತೊಂದು ವ್ಯತ್ಯಾಸ ಕಾಣುತ್ತದೆ: ಅಲಸಂದೆಯ ಎರಡು ಹೋಳು ಕಾಂಡದ ಜೊತೆ ಮೇಲೇಳುತ್ತವೆ, ಕಡಲೆಯ ಹೋಳು ಇದ್ದಲ್ಲೇ ಉಳಿದು ಚಿಗುರು ಮಾತ್ರ ಏಳುತ್ತದೆ.

ಬೇರು ಬಂದ ದಿನ ಮಕ್ಕಳನ್ನೇ ಬೀಜ ಮಾಡಿ ಆಡಿಸಿ. ಮುದುಡಿ ಕೂತ ಮಗುವಿನ ಮೇಲೆ ದುಪ್ಪಟ್ಟಾ ಹೊದಿಸಿ, ಅದೇ ಸಿಪ್ಪೆ. ನೀರು ಕುಡಿದು ಉಬ್ಬುವುದು, ಹೊದಿಕೆ ಬಿರಿಯುವುದು, ಆಮೇಲೆ ಮೊದಲು ಕಾಲು ಚಾಚಬೇಕು, ಕೈ ಆಮೇಲೆ. ತರಗತಿಗಳಲ್ಲಿ ಆಡಿಸುವ ಬೀಜದ ಅಭಿನಯದಲ್ಲಿ ಸಾಮಾನ್ಯವಾಗಿ ಕೈಯೇ ಮೊದಲು ಏಳುತ್ತದೆ. ಲೋಟದಲ್ಲಿ ಬೇರೇ ಮೊದಲು ಬಂದದ್ದನ್ನು ಕಂಡ ಮಕ್ಕಳಿಗೆ ಅದನ್ನು ಕಲಿಸಬಾರದು.

ಅಳತೆ, ಸ್ಕೇಲಿಲ್ಲದೆ

ಮೊಳೆತ ಅಲಸಂದೆಯನ್ನು ತಳಕ್ಕೆ ತೂತು ಮಾಡಿದ ಕಪ್‌ನೊಳಗಿನ ಮಣ್ಣಿಗೆ, ಎರಡು ಸೆಂಟಿಮೀಟರ್ ಆಳಕ್ಕೆ, ಬೇರು ಕೆಳಗಾಗಿ ಇಡಿ. ಚಿಗುರು ಮೇಲೆ ಬಂದ ದಿನದಿಂದ, ಪ್ರತಿದಿನ ಅದೇ ಹೊತ್ತಿಗೆ, ಗಿಡದ ಪಕ್ಕ ಕಾಗದದ ಪಟ್ಟಿ ನಿಲ್ಲಿಸಿ ಅದರ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಹಾಳೆಯ ಮೇಲೆ ಸಾಲಾಗಿ ಅಂಟಿಸಿ. ಎಲ್ಲ ಪಟ್ಟಿಗಳ ಬುಡವೂ ಒಂದೇ ಗೆರೆಯ ಮೇಲೆ ಕೂರಬೇಕು, ಇಲ್ಲದಿದ್ದರೆ ಯಾವುದು ಉದ್ದ ಎಂದು ತಿಳಿಯುವುದಿಲ್ಲ. ಭಾನುವಾರದ ಜಾಗ ಖಾಲಿ ಬಿಡಿ. ಸೋಮವಾರದ ಪಟ್ಟಿ ಇದ್ದಕ್ಕಿದ್ದಂತೆ ಉದ್ದವಾಗಿದ್ದಾಗ, ನಾವಿಲ್ಲದಾಗಲೂ ಗಿಡ ಬೆಳೆಯಿತು ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಗಿಡ ಸೊರಗಿ, ತೆಳ್ಳಗೆ, ಕಿಟಕಿಯ ಕಡೆ ವಾಲಿದ್ದರೆ ಬೆಳಕು ಸಾಲುತ್ತಿಲ್ಲ, ಹೊರಗಿನ ಜಗುಲಿಗೆ ಸಾಗಿಸಿ.

ಎರಡನೇ ವಾರ: ಈಗ ಅಂಟು ತೆಗೆಯಿರಿ

ಇಷ್ಟೆಲ್ಲ ನೋಡಿದ ಮೇಲೆ ಮಗು ಬೀಜದ ಚಿತ್ರ ಮಾಡಿದರೆ ಅದರಲ್ಲಿ ಬೇರೂ ಇರುತ್ತದೆ. ಮುದ್ರಿಸಿದ ಚಿತ್ರ ಕೊಡಬೇಡಿ. ಮಗು ತಾನು ಕಂಡದ್ದನ್ನು ಸೀಮೆಸುಣ್ಣ ಅಥವಾ ಕ್ರೇಯಾನ್‌ನಲ್ಲಿ ಬರೆದುಕೊಳ್ಳಲಿ, ಅದರ ಮೇಲೇ ಬೀಜ ಅಂಟಿಸಲಿ. ಗೆರೆ ಸೊಟ್ಟಗಿದ್ದರೆ ನೀವು ತಿದ್ದಬೇಡಿ.

ತೆಳು ಹಾಳೆ ಅಂಟಿನ ತೇವಕ್ಕೆ ಸುರುಳಿಕೊಂಡು ಬೀಜ ಉದುರಿಸುತ್ತದೆ. ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದ ಇದಕ್ಕೆ ತಕ್ಕದ್ದು, ಎಲ್ಲ ಮನೆಯಲ್ಲೂ ಸಿಗುತ್ತದೆ. ಅಳತೆ 10 ಸೆಂಟಿಮೀಟರ್ ಚೌಕ ಸಾಕು. ಎ4 ಹಾಳೆ ತುಂಬಿಸಲು ಹೊರಟ ಮಗು ಅರ್ಧದಲ್ಲಿ ಸುಸ್ತಾಗುತ್ತದೆ, ಉಳಿದದ್ದನ್ನು ಟೀಚರ್ ಮುಗಿಸುತ್ತಾರೆ.

ಅಂಟಿಗೆ ನಾಲ್ಕು ಟೇಬಲ್ ಚಮಚ ಮೈದಾ, ಒಂದು ಲೋಟ ನೀರು. ಅರ್ಧ ಲೋಟ ತಣ್ಣೀರಿನಲ್ಲಿ ಮೈದಾವನ್ನು ಗಂಟಿಲ್ಲದೆ ಕಲಸಿ, ಕುದಿಯುತ್ತಿರುವ ಉಳಿದರ್ಧಕ್ಕೆ ಸುರಿದು, ಸಣ್ಣ ಉರಿಯಲ್ಲಿ ಮೂರು-ನಾಲ್ಕು ನಿಮಿಷ ತಿರುವಿ. ಹೊಳಪು ಬಂದು ಚಮಚಕ್ಕೆ ಅಂಟಿಕೊಂಡರೆ ಆಯಿತು. ಆರಿದ ಮೇಲೇ ಕೊಡಿ. ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ಪದ್ಧತಿಯಿದೆ, ಅದು ವಿಷ, ಮಕ್ಕಳ ಅಂಟಿಗೆ ಬೇಡವೇ ಬೇಡ. ಈ ಅಂಟು ರಾಗಿ, ಸಾಸಿವೆ, ಹೆಸರಿಗೆ ಸಾಕು. ಹುಣಸೆ ಬೀಜ, ಕುಂಬಳದ ಬೀಜಕ್ಕೆ ಫೆವಿಕಾಲ್ ಬೇಕು. ಅಂಟನ್ನು ಒಮ್ಮೆಗೆ ಎರಡು ಬೆರಳಗಲ ಮಾತ್ರ ಹಚ್ಚಿ, ಬೀಜ ಒತ್ತಿ, ಆಮೇಲೆ ಮುಂದಿನ ಜಾಗಕ್ಕೆ ಹೋಗಲಿ. ಪೂರ್ತಿ ಹಚ್ಚಿದರೆ ಕೊನೆಗೆ ಬರುವಷ್ಟರಲ್ಲಿ ಒಣಗಿರುತ್ತದೆ. ಮುಗಿದದ್ದನ್ನು ಒಂದು ದಿನ ಮಲಗಿಸಿಯೇ ಒಣಗಿಸಿ, ನಿಲ್ಲಿಸಿದರೆ ಬೀಜ ಜಾರಿ ಬುಡಕ್ಕೆ ಬರುತ್ತದೆ.

ಬೀಜಕ್ಕೆ ಬಣ್ಣ ಹಾಕುವ ಅಗತ್ಯವಿಲ್ಲ. ಅಲಸಂದೆಯ ಕಪ್ಪು ಕಣ್ಣು, ಹೆಸರಿನ ಹಸಿರು, ಹುಣಸೆಯ ಕಂದು, ರಾಗಿಯ ಕೆಂಪು ಇರುವಾಗ ಬೇರೆ ಬಣ್ಣ ಏಕೆ? ಊಟದ ಪಡಿತರದ ಕಾಳು ಅಂಟಿಗೆ ಹೋಗಬಾರದು ಎಂಬುದೂ ನಮ್ಮ ಗಟ್ಟಿ ಅಭಿಪ್ರಾಯ. ಅನ್ನಕ್ಕೆ ಕಷ್ಟವಿರುವ ಮನೆಯಿಂದ ಬಂದ ಮಗುವೂ ಅಲ್ಲಿ ಕೂತಿರುತ್ತದೆ. ಹುಳುಕು ಕಾಳು, ತೊಳೆದ ಕಲ್ಲಂಗಡಿ, ಕುಂಬಳ, ಪರಂಗಿ ಬೀಜ, ಹುಣಸೆ ಬೀಜ ಇವೇ ಧಾರಾಳ. ಹುಳುಕು ಕಾಳನ್ನು ಒಂದು ದಿನ ಬಿಸಿಲಿಗೆ ಹರಡಿ ಬಳಸಿ, ಹಾಗಿದ್ದರೂ ಚಿತ್ರಗಳನ್ನು ಹದಿನೈದು ದಿನಕ್ಕಿಂತ ಹೆಚ್ಚು ಗೋಡೆಯಲ್ಲಿ ಇಡಬೇಡಿ, ಹುಳ ಬೀಳುತ್ತದೆ.

ಗಿಲಕಿ ಮತ್ತು ಹುಣಸೆ ಬೀಜದ ಆಟ

ಗಿಲಕಿಗೆ 200 ಮಿಲಿಲೀಟರ್‌ನ ಆರು ಒಣ ಬಾಟಲಿ ಬೇಕು. ಎರಡಕ್ಕೆ ರಾಗಿ, ಎರಡಕ್ಕೆ ಹೆಸರು, ಎರಡಕ್ಕೆ ಹುಣಸೆ ಬೀಜ. ಕಾಲುಭಾಗಕ್ಕಿಂತ ಹೆಚ್ಚು ತುಂಬಿದರೆ ಅಲುಗಾಡಲು ಜಾಗವಿಲ್ಲದೆ ಸದ್ದು ಸತ್ತುಹೋಗುತ್ತದೆ. ಮುಚ್ಚಳಕ್ಕೆ ಫೆವಿಕಾಲ್ ಹಚ್ಚಿ ಬಿಗಿದು ಟೇಪ್ ಸುತ್ತಿ, ಒಳಗಿನದು ಕಾಣದಂತೆ ಕಾಗದ ಅಂಟಿಸಿ. ಕಲಸಿಟ್ಟ ಆರರಲ್ಲಿ ಒಂದೇ ಸದ್ದಿನ ಜೋಡಿ ಹುಡುಕುವುದು ಆಟ.

ಐದು ವರ್ಷದವರಿಗೆ ಹುಣಸೆ ಬೀಜದ ಹಳೆಯ ಆಟಗಳು ಲೆಕ್ಕದ ಒಳ್ಳೆಯ ಪಾಠ. ನಾಲ್ಕು ಬೀಜದ ಒಂದು ಬದಿಯನ್ನು ಬಿಳಿ ಕಾಣುವವರೆಗೆ ಒರಟು ಕಲ್ಲಿಗೆ ತಿಕ್ಕಿ, ದಾಳ ಸಿದ್ಧ. ತಿಕ್ಕುವುದು ದೊಡ್ಡವರ ಕೆಲಸ, ಬೀಜ ಚುರುಕ್ಕೆನ್ನುವಷ್ಟು ಬಿಸಿಯಾಗುತ್ತದೆ. ಎಸೆದಾಗ ಎಷ್ಟು ಬಿಳಿ ಮೇಲಿದೆಯೋ ಅಷ್ಟು ಹೆಜ್ಜೆ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ ಮನೆಗಳಲ್ಲಿ. ಒಂದೂ ಬಿಳಿಯಿಲ್ಲದಿದ್ದರೆ ನಿಂತಲ್ಲೇ ನಿಲ್ಲಬೇಕು, ಸೊನ್ನೆ ಎಂದರೇನೆಂದು ಇದಕ್ಕಿಂತ ಸುಲಭವಾಗಿ ಹೇಳಲಾಗದು. ಕರಾವಳಿಯಲ್ಲಿ ಚೆನ್ನೆಮಣೆ, ಬಯಲುಸೀಮೆಯಲ್ಲಿ ಅಳಗುಳಿಮಣೆ ಇರುವ ಮನೆಯಿದ್ದರೆ ತರಿಸಿ. ನಿಯಮಗಳೆಲ್ಲ ಈಗ ಬೇಡ, ಕೈತುಂಬ ಬೀಜ ಹಿಡಿದು ಗುಳಿಗೊಂದರಂತೆ ಹಾಕುತ್ತ ಸಾಗಲಿ. ಬೆರಳು ಒಂದು ಬೀಜ ಬಿಡುವುದಕ್ಕೂ ಬಾಯಿ ಒಂದು ಎಣಿಸುವುದಕ್ಕೂ ಹೊಂದಿಕೆಯಾಗುವುದೇ ಇಲ್ಲಿನ ಕಲಿಕೆ.

ಕೊನೆಯ ಎರಡು ದಿನ

ತಿನ್ನುವ ಮೊಳಕೆಯನ್ನು ಲೋಟದಿಂದ ತೆಗೆಯಬೇಡಿ, ಬೇರೆಯಾಗಿ ಮಾಡಿ. ಹೆಸರುಕಾಳನ್ನು ಎಂಟು ಗಂಟೆ ನೆನೆಸಿ, ತೊಳೆದ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆರಡು ಸಲ ಜಾಲಿಸಿ. ಮಕ್ಕಳಿಗೆ ಹಸಿಯಾಗಿ ಕೊಡದೆ ಐದಾರು ನಿಮಿಷ ಆವಿಯಲ್ಲಿ ಬೇಯಿಸಿ, ಉಪ್ಪು, ನಿಂಬೆರಸ, ತೆಂಗಿನ ತುರಿ ಬೆರೆಸಿ. ನಿಂಬೆ ಹಿಂಡುವುದು, ತುರಿ ಉದುರಿಸುವುದು ಮಕ್ಕಳದೇ ಕೆಲಸ.

ಶುಕ್ರವಾರಕ್ಕೆ ಮೆಂತ್ಯ ಬೆರಳುದ್ದ ಬೆಳೆದಿರುತ್ತದೆ. ಮೊನೆ ಮೊಂಡಾದ ಕತ್ತರಿ ಕೊಟ್ಟು, ಒಂದು ಕೈಯಲ್ಲಿ ಹಿಡಿ ಹಿಡಿದು ಇನ್ನೊಂದರಲ್ಲಿ ಬುಡದ ಮೇಲೆ ಕತ್ತರಿಸಲು ಬಿಡಿ. ಕಾಗದ ಕತ್ತರಿಸಲು ಒಲ್ಲದ ಮಗುವೂ ಇದಕ್ಕೆ ಮುಂದೆ ಬರುತ್ತದೆ. ಸೊಪ್ಪನ್ನು ಎರಡು ನೀರಿನಲ್ಲಿ ತೊಳೆದು ರೊಟ್ಟಿಯ ಹಿಟ್ಟಿಗೆ ಸೇರಿಸಿ. ಅಲಸಂದೆ ಗಿಡಗಳನ್ನು ಕಪ್ಪಿನ ಸಮೇತ ಮನೆಗೆ ಕಳಿಸುವಾಗ, ಎರಡು ವಾರದೊಳಗೆ ನೆಲಕ್ಕೋ ದೊಡ್ಡ ಕುಂಡಕ್ಕೋ ಬದಲಾಯಿಸಬೇಕೆಂದೂ, ಅಡರಲು ಒಂದು ಕಡ್ಡಿ ನೆಡಬೇಕೆಂದೂ ಚೀಟಿ ಬರೆದು ಕಪ್ಪಿಗೆ ಅಂಟಿಸಿ.